ಹಳ್ಳದ ನೀರು ದೀಪವಾದ ವೃತ್ತಾಂತ

ನೀರಿನೊಳಗೆ ಕಟ್ಟಿಗೆಯಿಲ್ಲದೆ ಬೆಳಗುವ ಅಗ್ನಿಯೊಂದುಂಟೆಂದು ಭಾವಿಸಿದ ಋಗ್ವೇದದ ಋಷಿಗಳು ಅದನ್ನು ಅಪಾಂನಪಾತ್ ಎಂಬ ದೇವತೆಯಾಗಿ ಸ್ತುತಿಸಿದರು. ಅದು ಕವಿದೃಷ್ಟಿ, ಅದರಲ್ಲಿ ಯಂತ್ರವನ್ನು ಅರಸುವುದು ಸಲ್ಲದು. ಆದರೆ ಸೌದೆಯಿಲ್ಲದೆ, ಎಣ್ಣೆಯಿಲ್ಲದೆ, ಕೇವಲ ಹಳ್ಳದ ನೀರಿನಿಂದಲೇ ಮನೆಯ ದೀಪವನ್ನು ಹೊತ್ತಿಸುವ ಕಾರ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರಭಾಗದ ಕ್ರಾಗ್‌ಸೈಡ್ ಎಂಬ ಎಸ್ಟೇಟಿನಲ್ಲಿ ಪ್ರತ್ಯಕ್ಷವಾಗಿ ನಡೆಯಿತು. ತೋಟದ ಹಳ್ಳಕ್ಕೆ ಯಂತ್ರವನ್ನು ಜೋಡಿಸಬೇಕೆಂದಿರುವ ಮಲೆನಾಡಿನ ಗೃಹಸ್ಥರು ಆ ವೃತ್ತಾಂತದಿಂದ ಕಲಿಯತಕ್ಕದ್ದು ಉಂಟು.

ಎಸ್ಟೇಟಿನ ಒಡೆಯನಾದ ವಿಲಿಯಂ ಆರ್ಮ್‌ಸ್ಟ್ರಾಂಗನು ೧೮೧೦ರಲ್ಲಿ ನ್ಯೂಕಾಸಲ್ ಪಟ್ಟಣದಲ್ಲಿ ಜನಿಸಿದನು. ಮೊದಲು ವಕೀಲನಾಗಿದ್ದ ಆತನು ಒಮ್ಮೆ ಮೀನು ಹಿಡಿಯಲು ಹೋಗಿದ್ದಾಗ ನದೀತೀರದಲ್ಲಿ ತಿರುಗುತ್ತಿದ್ದ ಜಲಚಕ್ರವೊಂದನ್ನು ಕಂಡು, ನೀರಿನ ಬಲದಲ್ಲಿ ಬಹುಭಾಗವು ವ್ಯರ್ಥವಾಗುತ್ತಿರುವುದನ್ನು ಮನಗಂಡನು. ಆ ವಿಚಾರವು ಆತನನ್ನು ಬಿಡಲಿಲ್ಲ. ನೀರಿನ ಒತ್ತಡದಿಂದ ಭಾರವನ್ನೆತ್ತುವ ಯಂತ್ರಗಳನ್ನೂ, ಅನಂತರ ಫಿರಂಗಿಗಳನ್ನೂ ನಿರ್ಮಿಸಿ ಐಶ್ವರ್ಯವಂತನಾದ ಮೇಲೆ, ೧೮೬೩ರಲ್ಲಿ ರಾತ್‌ಬರಿಯ ಬಳಿ ಕ್ರಾಗ್‌ಸೈಡ್ ಮನೆಯನ್ನು ಕಟ್ಟಿಸಲು ತೊಡಗಿದನು.

೧೮೭೮ರಲ್ಲಿ ಅಲ್ಲಿಯ ಡೆಬ್ಡನ್ ಹಳ್ಳದ ನೀರಿನಿಂದ ಆತನ ಚಿತ್ರಶಾಲೆಯಲ್ಲಿ ಆರ್ಕ್ ದೀಪವೊಂದು ಉರಿಯಿತು. ೧೮೮೦ರಲ್ಲಿ ಜೋಸೆಫ್ ಸ್ವಾನನ ಗಾಜಿನ ಬುರುಡೆದೀಪಗಳು ಬಂದವು. ಮನೆಯಿಂದ ಸುಮಾರು ೧೫೦೦ ಗಜ ದೂರದಲ್ಲಿ ೬ ಅಶ್ವಶಕ್ತಿಯ ಟರ್ಬೈನಿತ್ತು. ದೀಪಗಳು ಒಟ್ಟು ೪೫. ಆದರೆ ಒಂದು ಕೋಣೆಯಿಂದ ಮತ್ತೊಂದಕ್ಕೆ ವಿದ್ಯುತ್ತನ್ನು ತಿರುಗಿಸುತ್ತಿದ್ದುದರಿಂದ ಏಕಕಾಲದಲ್ಲಿ ೩೭ಕ್ಕಿಂತ ಹೆಚ್ಚು ದೀಪಗಳು ಬೇಕಾಗುತ್ತಿರಲಿಲ್ಲ. ರಾತ್ರಿ ದೀಪವಾಗುತ್ತಿದ್ದ ಆ ಶಕ್ತಿಯೇ ಹಗಲಿನಲ್ಲಿ ಮರ ಕೊಯ್ಯುವ ಗರಗಸವನ್ನು ನಡೆಸುತ್ತಿತ್ತು. ಶಕ್ತಿಯು ಅಲ್ಪವಾಗಿದ್ದರೂ ವಿನಿಯೋಗದಲ್ಲಿ ವಿವೇಕವಿತ್ತು.

ಕಾಲಕ್ರಮದಲ್ಲಿ ದೀಪಗಳೂ ಅಪೇಕ್ಷೆಗಳೂ ಬೆಳೆದವು. ೧೮೮೬ರಲ್ಲಿ ಬರ್ನ್‌ಫುಟ್ ಎಂಬಲ್ಲಿ ಹೊಸ ಯಂತ್ರಗೃಹವೆದ್ದಿತು. ಗುಡ್ಡದ ಮೇಲಣ ಕೆರೆಗಳ ನೀರು ಕೊಳವೆಯ ಮೂಲಕ ೩೪೦ ಅಡಿ ಕೆಳಗಿಳಿದು ಅಲ್ಲಿಯ ಟರ್ಬೈನನ್ನು ತಿರುಗಿಸಿತು. ನೀರು ಕಡಮೆಯಿದ್ದರೂ ಇಳಿತವು ಹೆಚ್ಚಾಗಿದ್ದರೆ ಶಕ್ತಿಯು ದೊರೆಯುವುದೆಂಬ ತತ್ತ್ವವು ಇದರಿಂದ ಸಿದ್ಧವಾಯಿತು. ಆದರೆ ನೀರೇ ಸಾಲದೆ ಹೋದ ದಿನಗಳಲ್ಲಿ ಏನು ಗತಿ? ಜಲಯಂತ್ರಶಾಸ್ತ್ರದಲ್ಲಿ ಅದ್ವಿತೀಯನೆನಿಸಿದ್ದ ಆ ಧನಿಕನ ಮನೆಗೂ ಕೊನೆಗೆ ಗ್ಯಾಸ್ ಎಂಜಿನ್ನಿನ ಸಹಾಯವು ಬೇಕಾಯಿತು.

ಮಲೆನಾಡಿಗೆ ಮುಖ್ಯವಾದ ಪಾಠವು ಇಲ್ಲಿಯೇ ಇದೆ. ಸೆಕೆಂಡಿಗೆ ೧ ಲೀಟರ್ ನೀರು ೧ ಮೀಟರ್ ಇಳಿದರೆ ಹುಟ್ಟುವ ಶಕ್ತಿಯು ಸುಮಾರು ೯.೮ ವಾಟ್, ಸಣ್ಣ ಯಂತ್ರಗಳಲ್ಲಿ ಅದರ ಅರ್ಧದಷ್ಟು ಕೈಗೆ ಬಂದರೆ ಸಾಕೆಂದು ತಿಳಿಯತಕ್ಕದ್ದು. ೧೫ ಲೀಟರಿನ ಕೊಡವು ೩ ಸೆಕೆಂಡಿನಲ್ಲಿ ತುಂಬುವ ಹಳ್ಳವು ೨೦ ಮೀಟರ್ ಇಳಿದರೆ ೪೯೦ ವಾಟ್ ದೊರೆಯುವುದು; ೯ ವಾಟಿನ ಐವತ್ತು ದೀಪಗಳು ಉರಿಯಬಹುದು. ಅದೇ ಕೊಡವು ಚೈತ್ರಮಾಸದಲ್ಲಿ ತುಂಬಲು ೧೫ ಸೆಕೆಂಡು ಹಿಡಿದರೆ ದೀಪಗಳು ಹತ್ತಕ್ಕೆ ಇಳಿಯುವುವು. ಒಂದು ಅಶ್ವಶಕ್ತಿಯ ಪಂಪಾದರೋ ಎರಡು ಕಾಲದಲ್ಲಿಯೂ ನಡೆಯಲಾರದು. ತೋಟಕ್ಕೆ ನೀರು ಅತ್ಯವಶ್ಯವಾದ ಬೇಸಗೆಯಲ್ಲಿಯೇ ಹಳ್ಳವು ಬಡವಾಗುವುದೆಂಬುದನ್ನು ಮರೆಯಲಾಗದು. ಆದುದರಿಂದ ಆಷಾಢದ ತುಂಬುಹಳ್ಳವನ್ನು ಕಂಡು ಯಂತ್ರವನ್ನು ಕೊಳ್ಳುವವನು ಸಾಲಗಾರನಾದಾನು. ಚೈತ್ರದಲ್ಲಿ ಕೊಡವಿಟ್ಟು ಅಳೆದವನು ಮೋಸಹೋಗಲಾರನು. ಅಳೆಯುವಾಗಲೂ ಗಿಡಗಳಿಗೆ, ದನಕರುಗಳಿಗೆ, ಕೆಳಗಿನ ಗದ್ದೆಯವರಿಗೆ ಸಲ್ಲತಕ್ಕ ನೀರನ್ನು ಮೊದಲು ಕಳೆದು, ಉಳಿದುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಆರ್ಮ್‌ಸ್ಟ್ರಾಂಗನು ೧೯೦೦ರಲ್ಲಿ ಕಾಲವಾದನು. ೨೦೧೪ರಲ್ಲಿ ಕ್ರಾಗ್‌ಸೈಡಿನ ಮತ್ತೊಂದು ಕೆರೆಯ ಬಳಿ ೧೨ ಕಿಲೋವಾಟಿನ ತಿರುಪುಯಂತ್ರವನ್ನು ಸ್ಥಾಪಿಸಲಾಯಿತು. ನೀರು ಪುನಃ ದೀಪವಾಯಿತು. ಒಡೆಯರು ಬದಲಾದರು, ಯಂತ್ರಗಳು ಬದಲಾದವು. ಹಳ್ಳವು ಕೊಟ್ಟಷ್ಟನ್ನೇ ಪಡೆಯಬೇಕೆಂಬ ನಿಯಮವು ಮಾತ್ರ ಬದಲಾಗಲಿಲ್ಲ.