ಅಂಗಳದ ಎಳೆ, ಲೋಗೊ ಆಮೆ

ಚುಕ್ಕಿ ರಂಗೋಲಿ ಕಲಿಸುವಾಗ ಅಜ್ಜಿಯರು ಅಳತೆಪಟ್ಟಿ ಹಿಡಿಯುವುದಿಲ್ಲ. ‘ಈ ಚುಕ್ಕಿ ಬಳಸಿಕೊಂಡು ಬಾ, ಮುಂದಿನದರಲ್ಲಿ ಎಡಕ್ಕೆ ಹೊರಳು, ಹೀಗೇ ನಾಲ್ಕು ಸಲ’ ಎನ್ನುತ್ತಾರೆ. ಎಳೆ ಹೊರಟಲ್ಲಿಗೇ ಬಂದು ಕೂಡಿಕೊಳ್ಳದಿದ್ದರೆ ಎಲ್ಲೋ ತಿರುವು ತಪ್ಪಿದೆ ಎಂದರ್ಥ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರ ಪಾಡೂ ಹೆಚ್ಚುಕಡಿಮೆ ಇದೇ.

ಈ ವಿದ್ಯೆಯನ್ನು ಮಕ್ಕಳ ಆಟವಾಗಿಸಿದ್ದು 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಲೋಗೊ’ ಭಾಷೆ. ಅದನ್ನು ರೂಪಿಸಿದವರಲ್ಲಿ ದಕ್ಷಿಣ ಆಫ್ರಿಕ ಮೂಲದ ಗಣಿತಜ್ಞ ಸೆಮೂರ್ ಪೇಪರ್ಟ್ ಪ್ರಮುಖರು. ಕೆಲಕಾಲದಲ್ಲೇ ಲೋಗೊಗೆ ಒಂದು ಆಮೆ ಜೊತೆಯಾಯಿತು. ಮೊದಲು ಅದು ನೆಲದ ಮೇಲೆ ಹರಿದಾಡುವ ಯಂತ್ರ, ಆಮೇಲೆ ಪರದೆಯ ಮೇಲಿನ ಪುಟ್ಟ ತ್ರಿಕೋನ. ‘50 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ’ ಎಂದು ನಾಲ್ಕು ಬಾರಿ ಹೇಳಿದರೆ ಚೌಕ ಸಿದ್ಧ. ತಿಳಿಯದಿದ್ದರೆ ಮಗು ತಾನೇ ಆಮೆಯಾಗಿ ನಡೆದು ನೋಡಬೇಕು. 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಪೇಪರ್ಟ್ ಇನ್ನೊಂದು ಮುಖ್ಯ ವಿಚಾರ ಮುಂದಿಟ್ಟರು: ಮಗು ಕಲಿಯುವುದಕ್ಕೆ ಸುತ್ತಲಿನ ದೊಡ್ಡವರ ಬದುಕಿನಲ್ಲೂ ಬೆಲೆಯಿರಬೇಕು, ಇಲ್ಲವಾದರೆ ಮಗುವಿಗೂ ಅದು ಅರ್ಥಪೂರ್ಣ ಎನಿಸದು. ನಿಜವೇ, ಆಮೆ ಬರೆದ ಚೌಕಕ್ಕೆ ಯಾವ ಅಜ್ಜಿ ತಲೆದೂಗಿಯಾಳು?

ಆ ಪುಸ್ತಕಕ್ಕೂ ಮೊದಲೇ, ಅದರ ಪರಿಚಯವಿಲ್ಲದೆ, ಮದರಾಸಿನಲ್ಲಿ ಇದರ ಇನ್ನೊಂದು ತುದಿ ಬಿಚ್ಚಿಕೊಂಡಿತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಮತ್ತು ರಾಣಿ ಸಿರೋಮನಿ ದಂಪತಿ ಕಮಲಾ ಕೃತಿವಾಸನ್ ಅವರೊಂದಿಗೆ 1974ರಲ್ಲಿ ತಮಿಳರ ಕೋಲಕ್ಕೆ ಒಂದು ವ್ಯಾಕರಣವನ್ನೇ ಬರೆದರು. ಕೋಲವೆಂದರೆ ನಮ್ಮ ಚುಕ್ಕಿ ರಂಗೋಲಿಯ ಹತ್ತಿರದ ನೆಂಟ. ಕೆಲವೇ ನಿಯಮಗಳಿಂದ ಎಷ್ಟು ದೊಡ್ಡ ಕೋಲವಾದರೂ ಬೆಳೆಯಬಲ್ಲದೆಂದು ಆ ಲೇಖನ ತೋರಿಸಿತು. 1980ರ ದಶಕದಲ್ಲಿ ಕೆನಡಾದ ವಿಜ್ಞಾನಿ ಪ್ರುಸಿಂಕಿಯೆವಿಚ್ ಲೋಗೊ ಆಮೆಯಿಂದಲೇ ಕೋಲ ಬರೆಸಿದರು. ‘ಕೃಷ್ಣನ ಕಾಲ್ಗೆಜ್ಜೆ’ ಎಂಬ ಕೋಲಕ್ಕೆ ಒಂದೇ ಸಾಲಿನ ನಿಯಮ ಸಾಕು. ಅದನ್ನು ಅದರೊಳಗೇ ಮತ್ತೆ ಮತ್ತೆ ಇಡುತ್ತ ಹೋದರೆ ಗೆಜ್ಜೆಯ ಸುರುಳಿಗಳು ಹೆಚ್ಚುತ್ತ ಹೋಗುತ್ತವೆ. ಅಕ್ಷರ ಬಾರದ ಹೆಂಗಸರೂ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ವಿದ್ಯೆಯಿದು. ಆದರೆ ಇದೆಲ್ಲ ಪ್ರಕಟವಾದದ್ದು ಸಂಶೋಧಕರ ಪತ್ರಿಕೆಗಳಲ್ಲಿ, ಮಕ್ಕಳ ಪಠ್ಯದಲ್ಲಲ್ಲ.

ಇಂಥದ್ದನ್ನು ತರಗತಿಗೆ ತಂದವರಲ್ಲಿ ಅಮೆರಿಕದ ರಾನ್ ಎಗ್ಲಾಷ್ ಒಬ್ಬರು. ಆಫ್ರಿಕದ ಊರು, ಬಟ್ಟೆ, ಜಡೆಗಳಲ್ಲಿರುವ ಜ್ಯಾಮಿತಿಯ ಬಗ್ಗೆ 1999ರಲ್ಲಿ ಪುಸ್ತಕ ಬರೆದ ಅವರು, ಮುಂದೆ ಕಪ್ಪು ಜನರ ಜಡೆ ಹೆಣಿಗೆಯನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿದರು. ಪ್ರತಿ ಹೆಣಿಗೆ ಹಿಂದಿನದಕ್ಕಿಂತ ಎಷ್ಟು ಚಿಕ್ಕದು, ಎಷ್ಟು ಡಿಗ್ರಿ ವಾಲಬೇಕು, ಎಷ್ಟು ಸಲ ಬರಬೇಕು ಎಂಬುದನ್ನು ಮಗುವೇ ಹೇಳಬೇಕು. ಲೆಕ್ಕ ತಪ್ಪಿದರೆ ಪರದೆಯ ಮೇಲಿನ ಜಡೆ ತಲೆಬಿಟ್ಟು ಎತ್ತಲೋ ಹೋಗುತ್ತದೆ. ಅದು ಸರಿಬಂದಿತೇ ಎಂದು ಹೇಳಲು ಮೇಷ್ಟರೇ ಬೇಕಿಲ್ಲ, ಮನೆಯಲ್ಲಿ ಜಡೆ ಹೆಣೆಯುವ ಅಮ್ಮನೂ ಆದೀತು.