ಅಕ್ಷರ ಕಲಿಸುವವರ ಪಕ್ಕದಲ್ಲಿ ಕೂರುವವರು

1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತರು. ರಾತ್ರಿ ಅಡುಗೆ ಮುಗಿಸಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಲಾಟೀನಿನ ಬೆಳಕಲ್ಲಿ ತಿದ್ದಿ ತಿದ್ದಿ ಕಲಿತ ಸಹಿ ಅದು. ಇವತ್ತು ಅವರೇ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಮತ್ತೆ ಹೆಬ್ಬೆಟ್ಟು ಒತ್ತುತ್ತಾರೆ. ಬ್ಯಾಂಕಿನಿಂದ ಫೋನಿಗೆ ಬಂದ ಒಟಿಪಿ ಓದಿಸಲು ಮೊಮ್ಮಗನನ್ನು ಕೂಗುತ್ತಾರೆ. ಅವರು ಕಲಿತದ್ದು ಸುಳ್ಳಾಗಲಿಲ್ಲ, ಸಾಲದಾಯಿತು.

ವಯಸ್ಕರ ಶಿಕ್ಷಣಕ್ಕೆ ತಂತ್ರಜ್ಞಾನವನ್ನು ಜೋಡಿಸುವ ಪ್ರಯತ್ನಕ್ಕೆ ಈ ದೇಶದಲ್ಲಿ ಐವತ್ತು ವರ್ಷ ತುಂಬಿದೆ. ಆ ಕಥೆಯನ್ನು ಸಾಮಾನ್ಯವಾಗಿ ಉಪಕರಣಗಳ ಕಥೆಯಾಗಿಯೇ ಹೇಳುತ್ತಾರೆ: ರೇಡಿಯೊ ಬಂತು, ಟಿವಿ ಬಂತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ನಾನು ಬೇರೊಂದು ಪ್ರಶ್ನೆ ಹಿಡಿದು ಅದೇ ದಾರಿಯಲ್ಲಿ ಹೋಗುತ್ತೇನೆ. ಹಳ್ಳಿಯ ಪುಟ್ಟ ಕಲಿಕಾ ಕೇಂದ್ರ ನಡೆಸುವ ಸ್ವಯಂಸೇವಕಿಗೆ ಆ ಉಪಕರಣ ಬಳಸಲು ಕಲಿಸಿದವರು ಯಾರು? ಕಲಿಸಿ ಹೋದವರು ಮತ್ತೊಮ್ಮೆ ಬಂದು ನೋಡಿದರೇ?

1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿತು. ನಮ್ಮ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆ ವರ್ಷದ ಒಂದು ಕೆಲಸ ಈಗಲೂ ನೆನೆಯುವಂಥದ್ದು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯನ್ನು ಟಿವಿ, ರೇಡಿಯೊ, ಅಚ್ಚಾದ ಪಾಠ, ಕೈಯಾರೆ ಮಾಡಿ ನೋಡುವ ಚಟುವಟಿಕೆ ಎಲ್ಲವನ್ನೂ ಬೆಸೆದು ಕಲಿಸಲಾಯಿತು. ಯಂತ್ರದ ಮುಂದೆ ಕೂರಿಸಿದ ಮಾತ್ರಕ್ಕೆ ಶಿಕ್ಷಕ ತಯಾರಾಗುವುದಿಲ್ಲ ಎಂಬ ತಿಳಿವಳಿಕೆ ಆಗಲೇ ಇತ್ತು. ವಯಸ್ಕರ ರಾತ್ರಿ ಶಾಲೆಗಳಿಗೆ ಮಾತ್ರ ಅದು ಇಳಿದು ಬರಲಿಲ್ಲ. 1978ರ ಅಕ್ಟೋಬರ್ 2ರಂದು ಹತ್ತು ಕೋಟಿ ವಯಸ್ಕರನ್ನು ಗುರಿಯಾಗಿಟ್ಟುಕೊಂಡು ಹೊರಟ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಬೋಧಕರಿಗೆ ಕೊಟ್ಟದ್ದು ತಿಂಗಳಿಗೆ 50 ರೂಪಾಯಿ ಗೌರವಧನ.

ಮರೆತುಹೋಗಿರುವ ಒಂದು ಸಂಗತಿಯನ್ನು ಇಲ್ಲಿ ನೆನಪಿಸಬೇಕು. 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಒಂದು ‘ತಂತ್ರಜ್ಞಾನ ಮಿಷನ್’ ಆಗಿತ್ತು. ಕುಡಿಯುವ ನೀರು, ಲಸಿಕೆ, ಎಣ್ಣೆಕಾಳು, ದೂರಸಂಪರ್ಕಗಳ ಸಾಲಿನಲ್ಲೇ ಅಕ್ಷರವೂ ಸೇರಿತ್ತು. ಆದರೆ ಕೇರಳದ ಎರ್ನಾಕುಲಂ 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾದದ್ದು ಯಂತ್ರದಿಂದಲ್ಲ, ಬೀದಿಗಿಳಿದ ಜನರಿಂದ. ಬಳಿಕ ದೇಶಕ್ಕೆ ಹಬ್ಬಿದ ಆಂದೋಲನದಲ್ಲಿ ತರಬೇತಿಯ ಏರ್ಪಾಡು ಮೆಟ್ಟಿಲು ಮೆಟ್ಟಿಲಾಗಿತ್ತು: ಸಂಪನ್ಮೂಲ ವ್ಯಕ್ತಿ ಮುಖ್ಯ ತರಬೇತುದಾರನಿಗೆ, ಅವನು ಸ್ವಯಂಸೇವಕಿಗೆ, ಅವಳು ಕಲಿಯುವವರಿಗೆ. ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ತುಂಬಿ ಹರಿದರೂ ಕೊನೆಯ ಜಮೀನಿಗೆ ನೀರು ಮುಟ್ಟುವುದಿಲ್ಲ ಎಂಬುದನ್ನು ತುಂಗಭದ್ರಾ ಎಡದಂಡೆಯ ರೈತರನ್ನು ಕೇಳಿದರೆ ಹೇಳುತ್ತಾರೆ. ಅಕ್ಷರದ ತರಬೇತಿಗೂ ಅದೇ ಗತಿಯಾಯಿತು.

2000ನೇ ಇಸವಿಯಲ್ಲಿ ಹೊಸ ಆಸೆಯೊಂದು ಚಿಗುರಿತು. ಭಾರತದ ಸಾಫ್ಟ್‌ವೇರ್ ಉದ್ಯಮದ ಹಿರಿಯ ಎಫ್. ಸಿ. ಕೊಹ್ಲಿ ಅವರ ಪ್ರೇರಣೆಯಿಂದ ಟಿಸಿಎಸ್ ಕಂಪನಿಯು ಆಂಧ್ರದಲ್ಲಿ ಕಂಪ್ಯೂಟರ್ ಆಧಾರಿತ ಸಾಕ್ಷರತಾ ಪ್ರಯೋಗ ಆರಂಭಿಸಿತು. ಅಕ್ಷರಮಾಲೆಯಿಂದ ಹೊರಡದೆ, ಬಳಕೆಯ ಇಡೀ ಪದವನ್ನು ಪರದೆಯ ಮೇಲೆ ತೋರಿಸಿ, ಸದ್ದು ಕೇಳಿಸಿ, ಬಿಡಿಸಿ ಹೇಳುವ ಕ್ರಮ ಅದು. ಕಚೇರಿಗಳಲ್ಲಿ ಹಳತಾದ ಕಂಪ್ಯೂಟರುಗಳೇ ಸಾಕಿದ್ದವು. ಸುಮಾರು 40 ಗಂಟೆಗಳಲ್ಲಿ ಓದು ಬರುತ್ತದೆ ಎಂಬ ಭರವಸೆ ಇತ್ತು. ನುರಿತ ಶಿಕ್ಷಕರು ಬೇಕಿಲ್ಲ ಎಂಬುದು ಅದರ ದೊಡ್ಡ ಆಕರ್ಷಣೆ. ನನಗೆ ಅದರ ದೊಡ್ಡ ಕೊರತೆಯೂ ಅದೇ ಎನ್ನಿಸುತ್ತದೆ. ಕರೆಂಟು ಹೋದಾಗ, ಮೌಸ್ ಹಿಡಿಯಲು ಕಲಿಯುವವರ ಕೈ ನಡುಗಿದಾಗ, ಪಾಠ ನಿಂತಲ್ಲೇ ನಿಂತಾಗ ಏನು ಮಾಡಬೇಕೆಂದು ತಿಳಿದಿರಬೇಕಾದವರು ಕೇಂದ್ರ ನಡೆಸುವವರೇ ಅಲ್ಲವೆ? ಇದೇ ಕಾಲದಲ್ಲಿ ಬ್ರಿಜ್ ಕೊಠಾರಿ ಅವರು ಟಿವಿಯ ಸಿನಿಮಾ ಹಾಡುಗಳಿಗೆ ಅದೇ ಭಾಷೆಯ ಸಾಲುಗಳನ್ನು ಕೆಳಗೆ ಹಾಯಿಸಿ ಓದಿನ ಅಭ್ಯಾಸ ಮಾಡಿಸಿದರು. ಅಲ್ಪಸ್ವಲ್ಪ ಓದು ಬಲ್ಲವರಿಗೆ ಅದು ಬಲ ಕೊಟ್ಟಿತು. ಮೊದಲ ಹೆಜ್ಜೆಗೆ ಜೊತೆಗಾರರು ಬೇಕೇ ಬೇಕಿತ್ತು.

ಜೊತೆಗಾರರನ್ನು ಮೊದಲು ಯೋಚಿಸಿದ ಪ್ರಯೋಗವೊಂದು ನಮ್ಮ ಮೈಸೂರು ಜಿಲ್ಲೆಯಲ್ಲೇ ನಡೆಯಿತು. 2005ರ ಸುಮಾರಿಗೆ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಹಳ್ಳಿಯ ಹೆಣ್ಣುಮಕ್ಕಳ ಸಂಘಗಳ ಜೊತೆ ಕೆಲಸ ಮಾಡುತ್ತಿದ್ದ ಮಹಿಳಾ ಸಮಖ್ಯಾ ಕರ್ನಾಟಕ ಸೇರಿ ‘ಮಾಹಿತಿ ಮಂಥನ’ ಕೈಗೆತ್ತಿಕೊಂಡವು. ‘ಕೇಳು ಸಖಿ’ ಎಂಬ ರೇಡಿಯೊ ಕಾರ್ಯಕ್ರಮ, ಸಂಘದ ಹೆಣ್ಣುಮಕ್ಕಳ ಬದುಕಿನ ವಿಡಿಯೊಗಳು, ಹಳ್ಳಿಯಲ್ಲಿ ‘ನಮ್ಮ ಮಾಹಿತಿ ಕೇಂದ್ರ’. ಕೇಂದ್ರದ ಹೊಣೆ ‘ಸಖಿ’ ಎನಿಸಿಕೊಂಡ ಸ್ಥಳೀಯ ಯುವತಿಯದು. ಅವಳ ಬೆನ್ನಿಗೆ ಸಂಘ ಇತ್ತು, ಮೈಸೂರಿನಿಂದ ಬಂದು ಹೋಗುವ ತಂಡವೂ ಇತ್ತು. ಓದು ಬಾರದವರಿಗೆ ದನಿ ಮತ್ತು ಚಿತ್ರ ಮೊದಲು, ಅಕ್ಷರ ಆಮೇಲೆ ಎಂಬ ಕ್ರಮವನ್ನು ಅವರು ಕಂಡುಕೊಂಡರು. ಚಿಕ್ಕ ಪ್ರಯೋಗವೇ ಸರಿ. ಆದರೆ ಈ ಕ್ಷೇತ್ರದಲ್ಲಿ ಕನ್ನಡದ ನೆಲದಿಂದ ಬಂದ ಅತ್ಯಂತ ಬೆಲೆಯುಳ್ಳ ಪಾಠ ಇದು ಎಂದು ನಾನು ನಂಬಿದ್ದೇನೆ.

2009ರ ‘ಸಾಕ್ಷರ ಭಾರತ’ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ ತೆರೆದು ಇಬ್ಬರು ಪ್ರೇರಕರನ್ನು ನೇಮಿಸಿತು. ತಿಂಗಳ ಗೌರವಧನ 2,000 ರೂಪಾಯಿ. 2018ರ ಮಾರ್ಚ್‌ನಲ್ಲಿ ಯೋಜನೆ ನಿಂತಾಗ ಅವರೂ ಮನೆಗೆ ಹೋದರು. ವರ್ಷಗಟ್ಟಲೆ ಕೂಡಿಬಂದ ಅನುಭವವೂ ಅವರೊಂದಿಗೇ ಹೋಯಿತು. ಆ ಹೊತ್ತಿಗೆ ಹಣ ಡಿಜಿಟಲ್ ಸಾಕ್ಷರತೆಯ ಕಡೆಗೆ ತಿರುಗಿತ್ತು. 2017ರ ಪಿಎಂಜಿದಿಶಾ ಯೋಜನೆಯಲ್ಲಿ 20 ಗಂಟೆಗಳ ತರಬೇತಿ, ಕೊನೆಗೆ ಒಂದು ಪರೀಕ್ಷೆ, ಕೈಗೆ ಒಂದು ಪ್ರಮಾಣಪತ್ರ. ಆರು ಕೋಟಿ ಮಂದಿಯ ಗುರಿ ದಾಟಿ 2024ರ ಮಾರ್ಚ್‌ಗೆ ಅದೂ ಮುಗಿಯಿತು.

ಇಪ್ಪತ್ತು ಗಂಟೆ ಏಕೆ ಸಾಲದು ಎಂಬುದಕ್ಕೆ ಫೋನಿನ ಕನ್ನಡ ಕೀಲಿಮಣೆಯೊಂದೇ ಸಾಕು. ನವಸಾಕ್ಷರೆ ‘ಅಕ್ಕ’ ಎಂದು ಬರೆಯಲು ಕಲಿತದ್ದು ಹೇಗೆ? ಅ ಬರೆದು, ಕ ಬರೆದು, ಕೆಳಗೆ ಒತ್ತು ಕೊಟ್ಟು. ಫೋನಿನಲ್ಲಿ ಒತ್ತಕ್ಷರದ ಕೀಲಿಯೇ ಇಲ್ಲ. ಕ ಒತ್ತಿ, ಹಲಂತದ ಗುರುತು ಒತ್ತಿ, ಮತ್ತೆ ಕ ಒತ್ತಬೇಕು. ಹಲಂತದ ಗುರುತಿಗೆ ಹೀಗೊಂದು ಕೆಲಸವಿದೆಯೆಂದು ಕಾಗುಣಿತ ತಿದ್ದುವಾಗ ಅವಳಿಗೆ ಯಾರೂ ಹೇಳಿರಲಿಲ್ಲ. ಗುಡಿಸು, ಕೊಂಬು ಮುಂತಾದವೆಲ್ಲ ಅಕ್ಷರಕ್ಕೆ ಅಂಟಿಕೊಂಡೇ ಇರುತ್ತವೆ ಎಂದು ನಂಬಿದ್ದವಳಿಗೆ ಅವು ಬಿಡಿಬಿಡಿಯಾಗಿ ಎದುರಾಗುತ್ತವೆ. ಅವಳಿಗೆ ಕಲಿಸುವ ಸ್ವಯಂಸೇವಕಿಯೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ರೂಢಿಯಾದವಳಾದರೆ? ದನಿಯಿಂದ ಬರೆಸಬಹುದು ಎಂಬ ದಾರಿಯನ್ನೂ, ಅದು ತಪ್ಪು ಬರೆದಾಗ ಗುರುತಿಸುವುದನ್ನೂ ಆ ಸ್ವಯಂಸೇವಕಿಗೆ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಬೇಕು. ಒಮ್ಮೆ ತೋರಿಸಿದರೆ ಆಗದು, ಹತ್ತಾರು ಸಲ ತೋರಿಸಬೇಕು.

ಈಗ ನಡೆಯುತ್ತಿರುವುದು 2022ರಿಂದ 2027ರವರೆಗಿನ ‘ಉಲ್ಲಾಸ್’ ಎಂಬ ವಯಸ್ಕರ ಸಾಕ್ಷರತಾ ಯೋಜನೆ. ಕಲಿಯುವವರ, ಕಲಿಸುವವರ ನೋಂದಣಿಗೆ ಆ್ಯಪ್ ಇದೆ, ಪಾಠಗಳು ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯಲ್ಲಿವೆ, ಡಿಜಿಟಲ್ ತಿಳಿವಳಿಕೆ ಪಠ್ಯದ ಭಾಗವೇ ಆಗಿದೆ. ಸ್ವಯಂಸೇವಕರಿಗೆ ಗೌರವಧನ ಇಲ್ಲ. ಅವರ ಸೇವಾಭಾವದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಕಾರಣಕ್ಕೇ ಅವರನ್ನು ಆ್ಯಪಿನ ಜೊತೆ ಒಂಟಿಯಾಗಿ ಬಿಡುವುದು ಅನ್ಯಾಯ ಎನ್ನುತ್ತೇನೆ.

ಪಕ್ಕದಲ್ಲಿ ಕೂತು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯಲ್ಲೇ ಉದಾಹರಣೆ ಇದೆ. ಕೇರಳದ ಪುಲ್ಲಂಪಾರ ಪಂಚಾಯಿತಿ 2022ರಲ್ಲಿ ಆ ರಾಜ್ಯದ ಮೊದಲ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿಯಾಯಿತು. ಅಲ್ಲಿ ಸ್ವಯಂಸೇವಕರು ಮನೆಮನೆಗೆ, ಉದ್ಯೋಗ ಖಾತ್ರಿ ಕೆಲಸದ ಜಾಗಕ್ಕೆ ಹೋಗಿ ಹಿರಿಯರ ಕೈಗೆ ಫೋನ್ ಕೊಟ್ಟು ಕಲಿಸಿದರು. ಅದೇ ಮಾದರಿ ಇಡೀ ರಾಜ್ಯಕ್ಕೆ ಹಬ್ಬಿ, 2025ರ ಆಗಸ್ಟ್‌ನಲ್ಲಿ ಕೇರಳ ತಾನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಿಸಿಕೊಂಡಿತು. ಕಲಿತವರ ಲೆಕ್ಕ ಸುಮಾರು 21.88 ಲಕ್ಷ.

ನಮ್ಮಲ್ಲಿ ಅಷ್ಟೇ ಒಳ್ಳೆಯ ನೆಲೆ ಸಿದ್ಧವಾಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಆಮೇಲೆ ‘ಅರಿವು ಕೇಂದ್ರ’ಗಳಾದವು. ‘ಗ್ರಾಮ ಡಿಜಿ ವಿಕಸನ’ ಕಾರ್ಯಕ್ರಮದಡಿ ಅನೇಕ ಕಡೆ ಟಿವಿ, ಕಂಪ್ಯೂಟರ್, ಸ್ಮಾರ್ಟ್‌ಫೋನ್ ಬಂದಿವೆ. ಎಲ್ಲಕ್ಕಿಂತ ಮುಖ್ಯವಾಗಿ ದಿನವೂ ಬಾಗಿಲು ತೆರೆಯುವ ಮೇಲ್ವಿಚಾರಕರು ಇದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36, ಹೆಣ್ಣುಮಕ್ಕಳದು ಶೇ. 68.08. ಉಳಿದವರನ್ನು ತಲುಪಲು ಇರುವ ಬಾಗಿಲು ಈ ಅರಿವು ಕೇಂದ್ರಗಳೇ.

2027ರ ನಂತರದ ಯೋಜನೆಯನ್ನು ಬರೆಯಲು ಕೂರುವವರಲ್ಲಿ ಒಂದು ಬೇಡಿಕೆ ಇದೆ. ಹೊಸ ಉಪಕರಣದ ಪಟ್ಟಿ ಮಾಡುವ ಮೊದಲು, ಹೋಬಳಿಗೆ ಒಬ್ಬರಂತೆ ಸಂಬಳ ಕೊಟ್ಟು ತರಬೇತುದಾರರನ್ನು ನೇಮಿಸಿ. ತಿಂಗಳಿಗೊಮ್ಮೆಯಾದರೂ ಪ್ರತಿ ಅರಿವು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಮತ್ತು ಸ್ವಯಂಸೇವಕಿಯರ ಪಕ್ಕದಲ್ಲಿ ಅರ್ಧ ದಿನ ಕೂರುವುದು ಅವರ ಕೆಲಸವಾಗಲಿ.