ಗಂಟುಮೂಟೆ ಕಾಯುವವರು

ಕ್ರೀಡಾಪುಟದಲ್ಲಿ ಸೋತ ತಂಡ ಗಂಟುಮೂಟೆ ಕಟ್ಟುತ್ತದೆ. ರಾಜಕೀಯ ಪುಟದಲ್ಲಿ ಎತ್ತಂಗಡಿಯಾದ ಅಧಿಕಾರಿ ಕಟ್ಟುತ್ತಾನೆ. ಬಾಡಿಗೆ ಕೊಡದವನಿಗೆ ಮನೆ ಮಾಲೀಕರೇ ಕಟ್ಟಿಸುತ್ತಾರೆ. ಈ ಮಾತಿಗೆ ಬಹುಕಾಲದಿಂದ ಇದ್ದದ್ದು ಒಂದೇ ದಿಕ್ಕು: ಹೋಗುವುದು, ಮತ್ತೆ ಬಾರದಂತೆ ಹೋಗುವುದು. ಹಬ್ಬಕ್ಕೆ ತವರಿಗೆ ಹೊರಟ ಮಗಳು ಬಟ್ಟೆಬರೆ ಜೋಡಿಸಿಕೊಳ್ಳುತ್ತಾಳೆ, ಗಂಟುಮೂಟೆ ಕಟ್ಟುವುದಿಲ್ಲ. ಕಟ್ಟಿದಳೆಂದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ.

ಈಗ ಬೆಂಗಳೂರಿನ ಇಂದಿರಾನಗರದ ಪಿಜಿ ಹುಡುಗರು ಶುಕ್ರವಾರ ಸಂಜೆ ಅದನ್ನೇ ನಗುನಗುತ್ತಾ ಹೇಳುತ್ತಾರೆ. "ಮಗಾ, ಗಂಟುಮೂಟೆ ಕಟ್ಟು, ಗೋಕರ್ಣ!" ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿರಲೇಬೇಕಾದವರು ಇವರು. ವಾಪಸ್ ಟಿಕೆಟ್ ಮೊದಲೇ ತೆಗೆದಿಟ್ಟಿರುತ್ತಾರೆ. ದುಡಿದು ದಣಿದಿದ್ದ ಪದಕ್ಕೆ ಅಂತೂ ರಜೆ ಸಿಕ್ಕಿತು. ಇದಕ್ಕೆ ಮುಂಚೆ, 2019ರಲ್ಲಿ, ರೂಪಾ ರಾವ್ ಹೈಸ್ಕೂಲು ಹುಡುಗಿಯೊಬ್ಬಳ ಪ್ರೇಮದ ಸಿನಿಮಾಕ್ಕೆ 'ಗಂಟುಮೂಟೆ' ಎಂದೇ ಹೆಸರಿಟ್ಟಿದ್ದರು. ಅಲ್ಲಿ ಹೊರುವುದು ಬೆನ್ನಲ್ಲ, ಮನಸ್ಸು.

ಬಿಡಿಸಿ ನೋಡಿದರೆ ಗಂಟು ಬೇರೆ, ಮೂಟೆ ಬೇರೆ. ಗಂಟು ಚಿಕ್ಕದು, ಬೆಲೆಬಾಳುವಂಥದ್ದು. ಆದ್ದರಿಂದಲೇ ಇಡುಗಂಟು, ಆದ್ದರಿಂದಲೇ ಗಂಟುಕಳ್ಳ, "ನಿಮ್ಮಪ್ಪನ ಗಂಟೇನು ಹೋಗುತ್ತೆ" ಎಂಬ ಜಗಳದ ಮಾತೂ. ಮೂಟೆ ಒರಟು, ದೊಡ್ಡದು, ಅಕ್ಕಿಯದೋ ಸಿಮೆಂಟಿನದೋ. ಅದನ್ನು ಕದಿಯುವವರು ಕಡಿಮೆ, ಹೊರುವವರು ಹೆಚ್ಚು. ಇವತ್ತಿನ ಬೆನ್ನುಚೀಲ ಎರಡೂ ಹೌದು: ಮೇಲಿನ ಜಿಪ್ಪಿನೊಳಗೆ ಫೋನು, ಆಧಾರ್, ದುಡ್ಡು, ಕೆಳಗೆ ಮಾಸಿದ ಬಟ್ಟೆ. ಅಂಗಡಿಯಲ್ಲಿ ಅದನ್ನು ನಲವತ್ತು ಲೀಟರ್, ಅರವತ್ತು ಲೀಟರ್ ಎಂದು ಮಾರುತ್ತಾರೆ, ಹಾಲಿನ ಲೆಕ್ಕದಲ್ಲಿ. ಇವರು ಹೋಗುವ ಕರಾವಳಿಯಲ್ಲಿ ಹಿಂದೆ ಬೇರೆಯೇ ಲೆಕ್ಕವಿತ್ತು. ಬೈಹುಲ್ಲಿನ ಹಗ್ಗ ಸುತ್ತಿ ಚೆಂಡಿನಂತೆ ಬಿಗಿದ ಅಕ್ಕಿ ಮುಡಿಗೆ 42 ಸೇರು.

ಆ 'ಮುಡಿ' ಹಲಸೂರಿನಲ್ಲೂ ಇದೆ. ಅಲ್ಲಿನ ತಮಿಳು ಮನೆಗಳಲ್ಲಿ ಗಂಟುಮೂಟೆಗೆ 'ಮೂಟ್ಟೈ ಮುಡಿಚ್ಚು' ಎನ್ನುತ್ತಾರೆ. ಮೂಟೆ ಮೊದಲು, ಗಂಟು ಆಮೇಲೆ. ಶಿವಾಜಿನಗರದ ದಖನಿಯಲ್ಲಿ ಅದೇ 'ಬೋರಿಯಾ ಬಿಸ್ತರ್', ಚಾಪೆ ಮತ್ತು ಹಾಸಿಗೆ. ಮೂರು ಭಾಷೆಗೂ ಈ ಕೆಲಸಕ್ಕೆ ಒಂದೇ ಪದ ಸಾಲದೆ ಜೋಡಿಪದ ಬೇಕಾಯಿತು. ದಂಡಿನ (ಕಂಟೋನ್ಮೆಂಟ್) ಪ್ರದೇಶದಲ್ಲಿ ಇದು ಸಹಜವೇ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯಾದ ಮೇಲೆ ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ವ್ಯಾಪಾರಿಗಳು ಬಂದದ್ದು ಹೊರೆ ಹೊತ್ತೇ. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದು ನಿಂತದ್ದೂ ದಂಡು ನಿಲ್ದಾಣಕ್ಕೇ. ಫೌಜಿ ಮನೆಗಳ ಅಟ್ಟದಲ್ಲಿ ಈಗಲೂ ಒಂದು ಹೋಲ್ಡಾಲ್ ಸಿಕ್ಕರೆ ಆಶ್ಚರ್ಯವಿಲ್ಲ: ಹಾಸಿಗೆಯನ್ನೇ ಸುರುಳಿ ಸುತ್ತಿ, ಚರ್ಮದ ಪಟ್ಟಿ ಬಿಗಿದು ರೈಲಿಗೇರಿಸುತ್ತಿದ್ದ ಕ್ಯಾನ್ವಾಸ್ ಚೀಲ.

ಈ ಭಾಗದವರಿಗೆ ಕಡಲಿಗೆ ಹೋಗಲು ಮೆಜೆಸ್ಟಿಕ್‌ವರೆಗೆ ಅಲೆಯಬೇಕಿಲ್ಲ. ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೆ.ಆರ್. ಪುರದಲ್ಲೂ ನಿಲ್ಲುತ್ತದೆ. ರಾತ್ರಿ ಹತ್ತಿದರೆ ಮರುದಿನ ವರ್ಕಲದ ಕೆಂಪು ಬಂಡೆಗಳು. ಕೊಚ್ಚಿಯ ವಿಲಿಂಗ್ಡನ್ ದ್ವೀಪದ ನಿಲ್ದಾಣದವರೆಗೆ ಓಡುತ್ತಿದ್ದ ಕಾಲದ ಹೆಸರು ಅದು. ದ್ವೀಪಕ್ಕೆ ಹೋಗುವುದು ನಿಂತರೂ ಹೆಸರು ಇಳಿದಿಲ್ಲ.

ಆದರೆ ಗಂಟುಮೂಟೆಯ ಕಥೆಗೆ ಗೋಕರ್ಣವನ್ನು ಮೀರಿಸುವ ಊರಿಲ್ಲ. ಲಗೇಜಿನ ವಿಷಯದಲ್ಲಿ ಆ ತೀರದಲ್ಲಿ ಮೊದಲು ಮೋಸಹೋದವನು ರಾವಣ. ಶಿವನಿಂದ ಪಡೆದ ಆತ್ಮಲಿಂಗವನ್ನು ನೆಲಕ್ಕೆ ಇಡುವಂತಿರಲಿಲ್ಲ. ಸಂಧ್ಯಾವಂದನೆಯ ಹೊತ್ತಾಯಿತು. ಎದುರಿಗೆ ಸಿಕ್ಕ ವಟುವಿನ ಕೈಗೆ "ಸ್ವಲ್ಪ ಹಿಡಿದುಕೊಂಡಿರಪ್ಪ" ಎಂದು ಕೊಟ್ಟು ನೀರಿನ ಕಡೆ ನಡೆದ. ವಟುವಾಗಿ ಬಂದಿದ್ದ ಗಣಪತಿ ಮೂರು ಸಲ ಕೂಗಿ, ಇಟ್ಟೇಬಿಟ್ಟ. ಕೀಳಲು ಆಗದ ಸಿಟ್ಟಿಗೆ ರಾವಣ ಲಿಂಗದ ಕಟ್ಟನ್ನೇ ಬಿಚ್ಚಿ ಎಸೆದನಂತೆ: ಸುತ್ತಿದ್ದ ಬಟ್ಟೆ ಮುರುಡೇಶ್ವರಕ್ಕೆ, ದಾರ ಧಾರೇಶ್ವರಕ್ಕೆ, ಮುಚ್ಚಳ ಗುಣವಂತೆಗೆ, ಸಂಪುಟ ಕಾರವಾರದ ಸೆಜ್ಜೇಶ್ವರಕ್ಕೆ. ಒಂದು ಗಂಟು ಬಿಚ್ಚಿ ಉತ್ತರ ಕನ್ನಡದ ಪಂಚಕ್ಷೇತ್ರಗಳಾದವು.

ಕುಡ್ಲೆ ತೀರದ ಮರಳಲ್ಲಿ ಈ ಪ್ರಸಂಗ ದಿನವೂ ನಡೆಯುತ್ತದೆ. ಇಬ್ಬರು ಗೆಳೆಯರು, ಎರಡು ಚೀಲ, ಎದುರಿಗೆ ಸಮುದ್ರ. "ಮಚ್ಚಾ, ನೀನು ನೋಡ್ಕೋ, ಐದೇ ನಿಮಿಷ." ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ದಡದಲ್ಲಿ ಕೂತವನು ಮೂರು ಸಲ ಕೂಗುತ್ತಾನೆ, ಅಲೆಯ ಸದ್ದಿಗೆ ಕೇಳುವುದಿಲ್ಲ. ತಾನೂ ಇಳಿಯುತ್ತಾನೆ. ತಿರುಗಿ ಬರುವಷ್ಟರಲ್ಲಿ ಕಳ್ಳ ಬಂದಿಲ್ಲದಿದ್ದರೂ ಉಬ್ಬರ ಬಂದಿರುತ್ತದೆ. ಸೊಂಟದ ಪಟ್ಟಿಯವರೆಗೆ ಉಪ್ಪುನೀರು ಕುಡಿದ ಚೀಲ ಹೊತ್ತು ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳ ಗುಡ್ಡದ ದಾರಿ ಹಿಡಿದಾಗ ಗೊತ್ತಾಗುತ್ತದೆ, ಒದ್ದೆ ಜೀನ್ಸ್ ಎಂಬುದು ಎಂಥ ಮೂಟೆ ಎಂದು. ಒಬ್ಬನೇ ಹೋಗುವುದರಲ್ಲಿ ಸ್ವಾತಂತ್ರ್ಯವಿದೆ ಎನ್ನುವವರಿದ್ದಾರೆ, ಇರಬಹುದು. ಶೌಚಾಲಯಕ್ಕೆ ಹೋಗುವಾಗ ಚೀಲ ಯಾರ ಕೈಗೆ ಕೊಡುತ್ತಾರೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಕಟ್ಟಿದ್ದನ್ನು ಬಿಚ್ಚಿಡಬೇಕಾದ ಸಂದರ್ಭಗಳೂ ಬರುತ್ತವೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. ಹಲವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾಗಿ ಬೆಂಗಳೂರು–ಮಂಗಳೂರು ರೈಲುಗಳು ಹಲವು ದಿನ ನಿಂತವು. ಈ ನಿಲ್ದಾಣಗಳಿರುವ, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ರೀಲ್ಸ್‌ನಲ್ಲಿ ಕಾಣುವ ಆ ಹಸಿರು ಗೋಡೆಗಳು ಮಳೆಯಲ್ಲಿ ನೆನೆದ ಮಣ್ಣೂ ಹೌದು.

ಮುಂದಿನ ವಾರಾಂತ್ಯಕ್ಕೆ ಹೊರಟವರಿಗೆ ಒಂದು ಮಾತು. ದಡದಲ್ಲಿ ಕೂತವರು ಚೀಲದ ಮೇಲೆ ಒಂದು ಕಣ್ಣಿಟ್ಟರೆ ನೀರಿಗಿಳಿದ ಗೆಳೆಯನ ಮೇಲೆ ಇನ್ನೊಂದು ಇಡಿ. ಜೀವರಕ್ಷಕರು ಸೀಟಿ ಊದಿದರೆ ಮೇಲೆ ಬನ್ನಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇಬ್ಬರೂ ದಡದಲ್ಲೇ ಗಂಟುಮೂಟೆ ಕಾಯುತ್ತಾ ಕೂತುಬಿಡಿ.